ಲಾಡಿಗೆ ಗೊತ್ತಿಲ್ಲದ ಅಳತಿ

ನಮ್ಮ ಸೀರಿ ಒಂದು ವಿಷಯದಾಗ ಭಾಳ ಕರುಣಾಳು ನೋಡ್ರಿ. ಅದಕ್ಕ ನಡದ ಅಳತಿ ಬೇಕಾಗೇ ಇಲ್ಲ. ಪರಕಾರಕ್ಕ ಲಾಡಿ ಇರ್ತದ, ಮೈ ಬಂದಂಗ ಸಡಲ ಬಿಟ್ಕೋತೀವಿ. ಝಂಪರ್ ಹೊಲಿಸಲಿಕ್ಕೆ ಹೋದ್ರ ಟೇಲರ್ ಎದಿ, ಭುಜ, ತೋಳು, ಕೊಳ್ಳು ಅಳೀತಾರ, ಇಲ್ಲಾ ಹಳೇ ಅಳತಿ ಝಂಪರ್ ಇಸ್ಕೋತಾರ. ಮುಂದ ಬೇಕಾದೀತಂತ ಒಳಗ ಮಾರ್ಜಿನ್ ಬ್ಯಾರೆ ಬಿಡ್ತಾರ. ಹಿಂಗಾಗಿ ಇಪ್ಪತ್ತು ವರ್ಷದಾಗ ನಮ್ಮ ನಡ ಎಷ್ಟು ಹಬ್ಬಿತು ಅನ್ನೋ ಲೆಕ್ಕ ಯಾವ ಚೀಟಿಯೊಳಗೂ ಸಿಗಂಗಿಲ್ಲ. ಈಗ ತೂಕ ಇಳಸಬೇಕಂತ ವಾಕಿಂಗ್ ಹೊಂಟವ್ರು ದಿನಾ ಮಶೀನ್ ಹತ್ತಿ, ಕಾಟಾ ಅಲ್ಲೇ ನಿಂತಿದ್ದು ನೋಡಿ, ಎರಡು ತಿಂಗಳಿಗೆ ಕೈ ಬಿಡ್ತಾರ. ಖರೇ ಲೆಕ್ಕ ನಡದಾಗ ಅದ. ಅದನ್ನ ತಿಳಕೊಳ್ಳಲಿಕ್ಕೆ ಜಗತ್ತಿಗೂ ಭಾಳ ವರ್ಷ ಹಿಡೀತು. ಆ ಕಥಿ ಇವತ್ತು ಹೇಳ್ತೀನಿ.

ಹಿಂದಕ ನಮ್ಮ ಮೈನೇ ಅಳತಿಪಟ್ಟಿ ಆಗಿತ್ತು. ಗೇಣು, ಮೊಳ, ಮಾರು, ಹಿಡಿ, ಬೊಗಸಿ. ಮಲ್ಲಿಗಿ ಮಾಲಿ ಮೊಳದ ಲೆಕ್ಕದಾಗ ತೊಗೊಂಡ್ರ, ಮಾರೋರ ಕೈ ಗಿಡ್ಡ ಇದ್ರ ನಮಗ ಲುಕ್ಸಾನು. ಮೈಯಿಂದ ಬ್ಯಾರೆ ಎಲ್ಲಾ ಅಳೀತಿದ್ವಿ, ಮೈಯನ್ನ ಮಾತ್ರ ಅಳೀತಿರಲಿಲ್ಲ. ತೂಗಿದ್ರೂ ಅದು ದಾನಕ್ಕ. ಹಂಪಿಯೊಳಗ ವಿಠ್ಠಲ ಗುಡಿ ಹತ್ತಿರ ತುಲಾಭಾರದ ಕಲ್ಲಿನ ಕಮಾನು ಇನ್ನೂ ನಿಂತದ. ಅಲ್ಲೆ ರಾಜರು ಬಂಗಾರಕ್ಕ ಸಮ ತೂಗಿಸಿಕೊಂಡು ಹಂಚತಿದ್ರು ಅಂತಾರ. ಅಲ್ಲೆ ತೂಕ ಹೆಚ್ಚಾದಷ್ಟೂ ಪುಣ್ಯ ಹೆಚ್ಚು!

ಯುರೋಪಿನ ಟೇಲರ್‌ಗಳ ಹತ್ರ ಸುದ್ದಾ ಮೊದಲ ಟೇಪು ಇರಲಿಲ್ಲ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಕಾಗದದ ಪಟ್ಟಿ ಇಟ್ಟು, ಎದಿಗೆ ಇಲ್ಲಿ, ತೋಳಿಗೆ ಅಲ್ಲಿ ಅಂತ ಕತ್ತರಿಲೆ ಕಚ್ಚು ಹಾಕತಿದ್ರು. ಅದರ ಮ್ಯಾಲೆ ಅಂಕಿ ಇರತಿರಲಿಲ್ಲ. 1800ರ ನಂತರ ಇಂಚಿನ ಗುರುತು ಇದ್ದ ಟೇಪು ರೂಢಿಗೆ ಬಂತು. ಪಟ್ಟಿ ಒಬ್ಬರದಷ್ಟೇ ಆಗಿತ್ತು, ಟೇಪು ಎಲ್ಲಾರದೂ ಆತು. ಹೋದ ವರ್ಷದ ಮೈಗೂ ಈ ವರ್ಷದ ಮೈಗೂ ಎಷ್ಟು ಫರಕು ಅಂತ ಅಂಕಿಯೊಳಗ ಹೇಳಲಿಕ್ಕೆ ಬಂತು. ನಮ್ಮ ದೇಶದಾಗ 1956ರಾಗ ಕಾನೂನು ಆಗಿ 1958ರಿಂದ ಮೀಟರ್, ಕಿಲೋ ಬಂದ್ರೂ, ನಮ್ಮ ಟೇಲರ್‌ಗಳು ಇವತ್ತಿಗೂ ಇಂಚು ಬಿಟ್ಟಿಲ್ಲ.

ತೂಕದ್ದು ಬ್ಯಾರೆ ಕಥಿ. ಇಟಲಿಯೊಳಗ ಸ್ಯಾಂಟೋರಿಯೋ ಅಂತ ವೈದ್ಯ ಇದ್ದ. ಪಡುವಾ ಊರಾಗ ಪಾಠ ಹೇಳತಿದ್ದ. ದೊಡ್ಡ ತಕ್ಕಡಿಗೆ ಕುರ್ಚಿ ತೂಗಹಾಕಿ ಅದರಾಗ ತಾನೇ ಕೂತು, ತಿಂದಿದ್ದು, ಕುಡದಿದ್ದು, ಹೊರಗ ಹೋಗಿದ್ದು ಎಲ್ಲಾ ವರ್ಷಗಟ್ಟಲೆ ತೂಗಿದ. 1614ರಾಗ ಅದನ್ನ ಪುಸ್ತಕ ಮಾಡಿದ. ಮಲ-ಮೂತ್ರದ ಲೆಕ್ಕ ಹಾಕಿದ್ರೂ ತೂಕ ಹೊಂದಂಗಿಲ್ಲ, ಬೆವರು-ಉಸಿರಿನಾಗ ಕಣ್ಣಿಗೆ ಕಾಣದಂಗ ಭಾಳಷ್ಟು ಹೋಗ್ತದ ಅಂತ ತೋರಿಸಿದ. ಅಂದ್ರ ಮುಂಜಾನೆ ತೂಕಕ್ಕೂ ಸಂಜಿ ತೂಕಕ್ಕೂ ಫರಕು ಬಂದ್ರ ಅದು ಕೊಬ್ಬಿನ ಲೆಕ್ಕ ಅಲ್ಲ, ನೀರು-ಊಟದ ಲೆಕ್ಕ. ನಾಕು ನೂರು ವರ್ಷದ ಈ ಪಾಠ ಗೊತ್ತಿದ್ರ ದಿನಾ ಮಶೀನ್ ಹತ್ತಿ ಮಾರಿ ಸಣ್ಣ ಮಾಡೋದು ತಪ್ಪತದ.

ಈಗ ಎಲ್ಲಾ ದವಾಖಾನ್ಯಾಗೂ ಹೇಳೋ ಬಿಎಂಐ ಅದಲಾ, ತೂಕವನ್ನ ಎತ್ತರದ ವರ್ಗದಿಂದ ಭಾಗಿಸೋದು, ಅದನ್ನ ಕೊಟ್ಟಾಂವ ವೈದ್ಯ ಅಲ್ಲ. ಬೆಲ್ಜಿಯಂ ದೇಶದ ಕೆಟ್ಲೆ ಅಂತ ಖಗೋಳ ಶಾಸ್ತ್ರಜ್ಞ. 1830ರ ದಶಕದಾಗ ಆಂವ ಹುಡುಕತಿದ್ದದ್ದು ಸರಾಸರಿ ಮನಷ್ಯಾನ್ನ, ದಪ್ಪಗಾದವ್ರನ್ನಲ್ಲ. 1972ರಾಗ ಅಮೆರಿಕಾದ ಆನ್ಸೆಲ್ ಕೀಸ್ ಮತ್ತ ಅವನ ಜೊತಿಗಾರರು ಅದಕ್ಕ ಬಿಎಂಐ ಅಂತ ಹೆಸರಿಟ್ರು. ಅದನ್ನ ಪರೀಕ್ಷಾ ಮಾಡಿದ್ದು ಏಳು ಸಾವಿರಕ್ಕೂ ಹೆಚ್ಚು ಗಂಡಸರ ಮ್ಯಾಲೆ. ಒಬ್ಬಾಕಿ ಹೆಣ್ಣಮಗಳೂ ಅದರಾಗ ಇರಲಿಲ್ಲ!

ಕೊಬ್ಬು ಎಷ್ಟದ ಅನ್ನೋದಕ್ಕಿಂತ ಎಲ್ಲಿ ಕೂತದ ಅನ್ನೋದು ದೊಡ್ಡದು ಅಂತ 1947ರಾಗ ಫ್ರಾನ್ಸಿನ ಜಾನ್ ವಾಗ್ ಅನ್ನೋ ಡಾಕ್ಟರ್ ಬರದಿದ್ರು. ಆಮ್ಯಾಲ ಸ್ವೀಡನ್‌ದ ಗೋಥೆನ್‌ಬರ್ಗ್ ಊರಾಗ 1462 ಹೆಂಗಸರನ್ನ ಹನ್ನೆರಡು ವರ್ಷ ನೋಡಿ 1984ರಾಗ ಪ್ರಕಟ ಮಾಡಿದ್ರು. ನಡಕ್ಕೂ ಕುಂಡಿಗೂ ಅಳತಿ ಹೋಲಿಸಿದಾಗ ನಡದ ಪಾಲು ಹೆಚ್ಚಿದ್ದವ್ರಿಗೆ ಹಾರ್ಟ್ ಅಟ್ಯಾಕಿನ ಅಪಾಯ ಹೆಚ್ಚು ಕಂಡಿತು. ಅಲ್ಲೆ ಕೆಲಸಕ್ಕ ಬಂದದ್ದು ನಮ್ಮ ಹೊಲಿಗಿ ಡಬ್ಬಿಯೊಳಗಿನಂಥಾ ಸಾದಾ ಟೇಪು.

ನಮ್ಮವ್ರಿಗೆ ಇದು ಇನ್ನೂ ಹತ್ತರದ ಮಾತು. ಪುಣೆಯ ಡಾಕ್ಟರ್ ಯಾಜ್ಞಿಕ್ 2004ರಾಗ ತಮ್ಮದೂ, ಇಂಗ್ಲೆಂಡಿನ ಡಾಕ್ಟರ್ ಯುಡ್ಕಿನ್ ಅವರದೂ ಲೆಕ್ಕ ಬಾಜೂಬಾಜೂ ಇಟ್ಟು ತೋರಿಸಿದ್ರು. ಇಬ್ಬರ ಬಿಎಂಐನೂ 22.3. ಆದ್ರ ಮೈಯಾಗಿನ ಕೊಬ್ಬು ಇಂಗ್ಲೆಂಡಿನವರದು 9.1 ಪರ್ಸೆಂಟ್, ನಮ್ಮವರದು 21.2. ಕೈಕಾಲು ಸಣ್ಣ, ಹೊಟ್ಟಿ ಮುಂದ, ಇದು ನಮ್ಮ ಮನಿತನದ ಫೋಟೋದಾಗ ಎಷ್ಟು ಮಂದಿ ಇದ್ದಾರ ಎಣಸ್ರಿ. ನೀ ಎಲ್ಲಿ ದಪ್ಪ ಇದ್ದೀಯವಾ ಅನಿಸಿಕೊಂಡ ಅಕ್ಕ-ವೈನಿಗೋಳಿಗೇ ಸಕ್ಕರಿ ಬ್ಯಾನಿ ಬಂದದ್ದು ಯಾಕಂತ ಇದರಿಂದ ತಿಳೀತದ. ಅದಕ್ಕ ಭಾರತದ ವೈದ್ಯರು ನಮ್ಮವ್ರಿಗಂತ ಬ್ಯಾರೆ ಗೆರಿ ಹಾಕ್ಯಾರ. ನಡ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90ರ ಒಳಗಿರಬೇಕು. ನಮ್ಮದು ಇಂಚಿನಾಗ ಸುಮಾರು ಮೂವತ್ತೊಂದೂವರಿ.

ಇನ್ನ ಅಳಿಯೋದು. ಲಾಡಿ ಕಟ್ಟೋ ಜಾಗಾ ನಡ ಅಲ್ಲ, ಅದು ಕೆಳಗ ಇಳದಿರ್ತದ. ಹೊಕ್ಕಳಾನೂ ನಂಬಬ್ಯಾಡ್ರಿ, ಹೊಟ್ಟಿ ಜೋಲಿದ್ರ ಅದೂ ಜೋಲ್ತದ. ಎಲುಬು ಮಾತ್ರ ಜಾಗಾ ಬಿಡಂಗಿಲ್ಲ. ಪಕ್ಕದಾಗ ಕೈಯಾಡಿಸಿ ಕಡೀ ಪಕ್ಕಿ ಎಲುಬು ಎಲ್ಲಿ ಮುಗೀತದ, ಟೊಂಕದ ಎಲುಬು ಎಲ್ಲಿ ಸುರು ಆಗ್ತದ ನೋಡ್ರಿ. ಎರಡರ ನಟ್ಟನಡುವ ಟೇಪು ಸುತ್ತ್ರಿ. ಬರೀ ಮೈಮ್ಯಾಲೆ, ಕಾಲು ಜೋಡಿಸಿ, ಕೈ ಇಳಿಬಿಟ್ಟು ನಿಂತು, ಉಸಿರು ಸಾವಕಾಶ ಹೊರಗ ಬಿಟ್ಟ ಮ್ಯಾಲೆ ನೋಡ್ರಿ. ಹೊಟ್ಟಿ ಒಳಗ ಎಳಕೊಂಡ್ರ ಮೋಸ ಹೋಗೋರು ನಾವೇ. ಟೇಪು ಸುತ್ತಲೂ ಸಮ ಇರಬೇಕು, ಚರ್ಮ ಒತ್ತಬಾರದು. ಬೆನ್ನಿನ ಕಡೆ ಇಳೀತದೇನಂತ ಕನ್ನಡಿಯೊಳಗ ನೋಡ್ರಿ, ಇಲ್ಲಾ ಮಗಳಿಗೆ ಹೇಳ್ರಿ. ಎರಡು ಸಲ ಅಳದು ಬರೀರಿ. ಕುಂಡಿ ಅಳಿಯೋದಿದ್ರ ಎಲ್ಲಾಕಿಂತ ಅಗಲ ಇದ್ದಲ್ಲೆ ಅಳೀರಿ.

ವಾರ ಎರಡು ವಾರಕ್ಕೊಮ್ಮೆ ಸಾಕು, ಮುಂಜಾನೆ, ಏನೂ ತಿನ್ನೂಕಿಂತ ಮೊದಲ. ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮಿ ಕೈಯ ಫರಕು, ಅದಕ್ಕ ಹಿಗ್ಗೋದೂ ಬ್ಯಾಡ ಕುಗ್ಗೋದೂ ಬ್ಯಾಡ. ಹಳೇ ಬಟ್ಟಿ ಟೇಪು ಎಳದು ಎಳದು ಉದ್ದಾಗಿರ್ತದ, ಮಕ್ಕಳ ಸ್ಟೀಲ್ ಪಟ್ಟಿಗೆ ಹಿಡಿದು ಒಮ್ಮೆ ಪರೀಕ್ಷಾ ಮಾಡ್ರಿ. ಗೆರಿ ದಾಟಿದ್ರ ಸಕ್ಕರಿ, ಬಿಪಿ ತಪಾಸಣಿ ಮಾಡಿಸ್ರಿ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು ಬರಿಯೋ ಕ್ಯಾಲೆಂಡರ್ ಮ್ಯಾಲೆನೇ ನಡದ ಅಂಕಿನೂ ಬರೀರಿ. ಮನಿ ಮಂದಿದೆಲ್ಲಾ ಲೆಕ್ಕ ಇಡೋರಿಗೆ ನಮ್ಮದೊಂದು ಅಂಕಿ ಭಾರ ಆಗಂಗಿಲ್ಲ.