ಫಲಾಹಾರ ಮಂದಿರದಲ್ಲಿ ಒಂದು ಬೆಳಗು

1962ನೆಯ ಇಸವಿ, ಜೂನ್ ತಿಂಗಳ ಒಂದು ಭಾನುವಾರ. ಅಕ್ಕ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂತೋಷಕ್ಕೆಂದು ತಂದೆಯವರು ಮನೆಮಂದಿಯನ್ನೆಲ್ಲ ಬಸವನಗುಡಿಯ ನಮ್ಮ ಬೀದಿಯ ಕೊನೆಯಲ್ಲಿದ್ದ ಹೋಟೆಲಿಗೆ ಕರೆದೊಯ್ದರು. ಅಜ್ಜಿಯೂ ಬಂದರು. ಅದು ಸಾಮಾನ್ಯ ಸಂಗತಿಯಲ್ಲ. ಅರವತ್ತು ದಾಟಿದ್ದ ಅವರು ಅಲ್ಲಿಯವರೆಗೆ ಹೋಟೆಲಿನ ಹೊಸ್ತಿಲು ತುಳಿದವರಲ್ಲ.

ಅವರ ಹಿಂಜರಿಕೆಗೆ ಒಂದು ಇತಿಹಾಸವಿದೆ. ದಕ್ಷಿಣ ಕನ್ನಡದ ಕರಾವಳಿಯಿಂದ ಬಂದ ಅಡುಗೆಯವರು ಬೆಂಗಳೂರಿನಲ್ಲಿ ಹೋಟೆಲುಗಳನ್ನು ತೆರೆಯತೊಡಗಿದ ಕಾಲದಲ್ಲಿ, ಯಾರು ಬೇಯಿಸಿದರು, ಪಕ್ಕದಲ್ಲಿ ಯಾರು ಕುಳಿತರು ಎಂಬುದು ರುಚಿಗಿಂತ ದೊಡ್ಡ ಪ್ರಶ್ನೆಯಾಗಿತ್ತು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ತೆರೆದ ಉಪಾಹಾರಗೃಹದ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’. ಮುಂದೆ ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂದು ಪ್ರಸಿದ್ಧವಾದದ್ದು ಅದೇ. 1943ರಲ್ಲಿ ಗಾಂಧಿಬಜಾರಿನಲ್ಲಿ ಆರಂಭವಾದ ಹೋಟೆಲಿಗೆ ‘ವಿದ್ಯಾರ್ಥಿ ಭವನ’ ಎಂದು ಹೆಸರಾಯಿತು. ಈ ಎರಡು ನಾಮಫಲಕಗಳ ನಡುವೆ ಹತ್ತೊಂಬತ್ತು ವರ್ಷಗಳ ಅಂತರವಿದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯಂತೂ, ಸಾರ್ವಜನಿಕ ಉಪಾಹಾರಗೃಹಗಳಿಗೆ ಜಾತಿಯ ಕಾರಣದಿಂದ ಯಾರಿಗೂ ಪ್ರವೇಶ ನಿರಾಕರಿಸಕೂಡದೆಂದು ಸ್ಪಷ್ಟವಾಗಿ ವಿಧಿಸಿತು.

‘ಕುಟುಂಬದವರಿಗೆ’ ಎಂಬ ಹಲಗೆ ತೂಗುಹಾಕಿದ್ದ ಕೋಣೆ ಆ ದಿನ ತುಂಬಿಹೋಗಿತ್ತು. ಹಜಾರದಲ್ಲಿಯೇ ಕುಳಿತೆವು. ಅಜ್ಜಿ ಸೆರಗನ್ನು ಬಿಗಿಯಾಗಿ ಹೊದ್ದು ಬೆಂಚಿನ ತುದಿಯಲ್ಲಿ ಕುಳಿತರು. ಮಾಣಿ ಬಂದಾಗ ತಂದೆಯವರು ಎಲ್ಲರಿಗೂ ರವೆ ಇಡ್ಲಿ ಹೇಳಿದರು.

“ನನಗೆ ಬೇಡ ಕಣೋ, ಮುಸುರೆ,” ಎಂದರು ಅಜ್ಜಿ.

“ಇದಕ್ಕೆ ಅಕ್ಕಿ ಸೇರಿಲ್ಲಮ್ಮ, ಬರೀ ರವೆ.”

ಆ ತಿಂಡಿಯೂ ಇತಿಹಾಸದ ಶಿಶುವೇ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಅಕ್ಕಿ ಬರುವುದು ನಿಂತಿತು. ಅಕ್ಕಿಗೆ ಎಲ್ಲೆಲ್ಲೂ ಅಭಾವ. ಆಗ ಮಯ್ಯರ ಅಡುಗೆಮನೆಯಲ್ಲಿ ಗೋಧಿ ರವೆಯಿಂದ ಇಡ್ಲಿ ಮಾಡಿ ನೋಡಿದರೆಂದು ಆ ಸಂಸ್ಥೆಯವರು ಹೇಳುತ್ತಾರೆ. ಯುದ್ಧಕಾಲದ ಆ ಅಭಾವವೇ ಅಜ್ಜಿಯ ಮಡಿಗೊಂದು ದಾರಿ ಮಾಡಿಕೊಟ್ಟಿತು. ಅವರು ಒಂದು ಚೂರು ಮುರಿದು ಬಾಯಿಗಿಟ್ಟರು. ತಟ್ಟೆ ಬರಿದಾದುದನ್ನು ನಾವು ಕಂಡೂ ಕಾಣದಂತಿದ್ದೆವು.

ಅಷ್ಟರಲ್ಲಿ ನಮ್ಮ ಹಿತ್ತಿಲು ಗುಡಿಸಲು ಬರುತ್ತಿದ್ದ ಹೆಂಗಸು, ಹೊಸದಾಗಿ ಕಾರ್ಖಾನೆಯ ಕೆಲಸಕ್ಕೆ ಸೇರಿದ್ದ ಮಗನೊಡನೆ ಒಳಗೆ ಬಂದು ಎದುರಿನ ಮೇಜಿಗೆ ಕುಳಿತಳು. ನಮ್ಮನ್ನು ಕಂಡು ಏಳಹೋದ ತಾಯಿಯ ಕೈಯನ್ನು ಮಗ ಹಿಡಿದು ಕೂರಿಸಿದ. ಮಾಣಿ ಅವರಿಗೂ ಕಾಫಿ ತಂದಿಟ್ಟ. ನಮ್ಮ ಮನೆಯಲ್ಲಿ ಅವಳಿಗೆಂದೇ ಹಿತ್ತಿಲ ಕಿಟಕಿಯ ಮೇಲೊಂದು ಲೋಟವಿತ್ತು. ಹತ್ತು ವರ್ಷದ ನಾನು ಅಂಥದೇ ಲೋಟವನ್ನು ಅಲ್ಲಿ ಹುಡುಕಿದೆ. ಮಾಣಿ ತಂದಿಟ್ಟದ್ದು ನಮ್ಮ ಮುಂದಿದ್ದಂಥವೇ ಲೋಟಗಳು. ಅಜ್ಜಿಯೂ ಅದನ್ನು ನೋಡಿದರು. ಏನೂ ಹೇಳಲಿಲ್ಲ. ಕಾಫಿಯನ್ನು ಎತ್ತಿ ಕುಡಿದು ಮುಗಿಸಿದರು.

ಮನೆಗೆ ಬಂದೊಡನೆ ಅಜ್ಜಿ ತಲೆಗೆ ಸ್ನಾನ ಮಾಡಿದರು. ಮುಂದಿನ ಭಾನುವಾರ ಬೆಳಿಗ್ಗೆ, “ಆ ರವೆ ಇಡ್ಲಿಗೆ ಮತ್ತೆ ಎಂದು ಹೋಗೋದೋ?” ಎಂದು ತಂದೆಯವರನ್ನು ಕೇಳಿದವರೂ ಅವರೇ.

ಹೋಟೆಲಿನ ಬಾಗಿಲನ್ನು ಕಾನೂನು ತೆರೆಯಿತು. ನಮ್ಮ ಹಿತ್ತಿಲ ಕಿಟಕಿಯ ಮೇಲಿನ ಲೋಟ ಮಾತ್ರ ಇನ್ನೂ ಕೆಲವು ವರ್ಷ ಅಲ್ಲಿಯೇ ಇತ್ತು. ಆ ಬೆಳಗಿನ ರುಚಿಯನ್ನು ನೆನೆದಾಗಲೆಲ್ಲ ಆ ಲೋಟವೂ ನೆನಪಾಗುತ್ತದೆ.