ಪ್ರೀತಿಸಿದ ಹುಡುಗಿಗೆ ಕಥೆಯ ಕೊನೆಯಲ್ಲಿ ಏನಾಗುತ್ತದೆ?

ಅಮೆರಿಕದ ಲೇಖಕಿ ಜೂಡಿ ಬ್ಲೂಮ್ ಅವರನ್ನು ಅವರ ಹದಿಹರೆಯದ ಮಗಳು ಒಂದು ಕಥೆ ಬರೆದುಕೊಡು ಎಂದು ಕೇಳಿದ್ದಳಂತೆ. ಇಬ್ಬರು ಒಳ್ಳೆಯ ಮಕ್ಕಳು ಪ್ರೀತಿಸಬೇಕು, ಅವರ ನಡುವೆ ದೇಹಸಂಬಂಧವೂ ಆಗಬೇಕು, ಆದರೆ ಅದಕ್ಕಾಗಿ ಯಾರೂ ಸಾಯಬಾರದು. ಅವಳು ಓದುತ್ತಿದ್ದ ಪುಸ್ತಕಗಳಲ್ಲಿ ಅಂಥ ಹುಡುಗಿಗೆ ತಪ್ಪದೆ ಏನಾದರೊಂದು ಶಿಕ್ಷೆ ಕಾದಿರುತ್ತಿತ್ತು. ಆ ಬೇಡಿಕೆಯಿಂದ ಹುಟ್ಟಿದ ‘ಫಾರೆವರ್’ 1975ರಲ್ಲಿ ಪ್ರಕಟವಾಯಿತು.

ಮಹಿಳಾ ವೇದಿಕೆಯ ಸಂಚಿಕೆಗೆ ಇದೆಂಥ ವಿಷಯ ಎನ್ನಬೇಡಿ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಹದಿನಾಲ್ಕು, ಹದಿನಾರರ ಹೆಣ್ಣುಮಕ್ಕಳಿದ್ದಾರೆ. ಅವರ ಕಪಾಟಿನಲ್ಲಿ ‘ಯಂಗ್ ಅಡಲ್ಟ್’ ಎಂಬ ಚೀಟಿ ಹೊತ್ತ ಇಂಗ್ಲಿಷ್ ಕಾದಂಬರಿಗಳು ಸಾಲಾಗಿ ನಿಂತಿವೆ. ನಾನು ಸಾಹಿತ್ಯ ಓದಿದವಳಲ್ಲ, ಎಂ.ಟೆಕ್ ಮಾಡಿ ಹಿಂಜವಡಿಯಲ್ಲಿ ಕೋಡ್ ಬರೆಯುವವಳು. ಯಾವ ಸಾಫ್ಟ್‌ವೇರ್ ಕೈಗೆ ಬಂದರೂ ಅದರ ಹಳೆಯ ವರ್ಷನ್‌ಗಳನ್ನು ಕೆದಕಿ ನೋಡುವ ಚಟ ನನಗೆ. ಅದೇ ಚಟದಿಂದ ಈ ಪುಸ್ತಕಗಳ ಹಿಂದಿನ ವರ್ಷನ್‌ಗಳನ್ನೂ ಹುಡುಕಿಕೊಂಡು ಹೋದೆ.

ಮೊದಲು ಸಿಕ್ಕಿದ್ದು ಮೊರೀನ್ ಡೇಲಿ ಬರೆದ ‘ಸೆವೆಂಟೀನ್ತ್ ಸಮ್ಮರ್’, 1942ರದ್ದು. ಕಾಲೇಜು ಮುಗಿಸುವ ಮೊದಲೇ ಡೇಲಿ ಬರೆದ ಕಾದಂಬರಿ ಇದು. ವಿಸ್ಕಾನ್ಸಿನ್ ರಾಜ್ಯದ ಫಾಂಡ್ ಡು ಲಾಕ್ ಎಂಬ ಸರೋವರದ ಊರು ಅವರು ಬೆಳೆದ ಊರು, ಕಥೆಯ ಊರೂ ಅದೇ. ಆ ಹೊತ್ತಿಗೆ ಅಮೆರಿಕದಲ್ಲಿ ‘ಟೀನೇಜರ್’ ಎಂಬ ಪದ ಇನ್ನೂ ಹೊಸದು. ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಸಿಗದ ಮಕ್ಕಳೆಲ್ಲ ಹೈಸ್ಕೂಲಿನಲ್ಲೇ ಉಳಿದರು. ಮಕ್ಕಳೂ ಅಲ್ಲದ, ದೊಡ್ಡವರೂ ಅಲ್ಲದ ಒಂದು ಓದುಗ ವರ್ಗ ಹಾಗೆ ತಯಾರಾಯಿತು.

ಕಥೆ ಏನು ಮಹಾ ಅಂತೀರಿ? ಹದಿನೇಳರ ಆಂಜಿ, ಬೇಕರಿಯವರ ಮಗ ಜ್ಯಾಕ್, ಒಂದು ಬೇಸಿಗೆ. ದೋಣಿ ವಿಹಾರ, ಫೋನಿಗಾಗಿ ಕಾಯುವುದು, ಅಷ್ಟೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಊಟದ ದೃಶ್ಯ. ಜ್ಯಾಕ್ ಮನೆಗೆ ಊಟಕ್ಕೆ ಬರುತ್ತಾನೆ. ತನ್ನ ಮನೆಯವರ ಎದುರು ಅವನು ಊಟ ಮಾಡುವ ರೀತಿ ನೋಡಿ ಆಂಜಿಗೆ ಮೈಯೆಲ್ಲ ಮುಜುಗರ. ಪ್ರೀತಿಯೂ ಇದೆ, ನಾಚಿಕೆಯೂ ಇದೆ, ನಾಚಿಕೆಪಟ್ಟಿದ್ದಕ್ಕೆ ಮತ್ತೆ ಬೇಸರವೂ ಇದೆ. ಇಷ್ಟು ನಿಜವಾದ ಪುಟಗಳನ್ನು ನಾನು ದೊಡ್ಡವರ ಪ್ರೇಮಕಥೆಗಳಲ್ಲೂ ಹೆಚ್ಚು ಕಂಡಿಲ್ಲ. ಬೇಸಿಗೆ ಮುಗಿಯುವಾಗ ಜ್ಯಾಕ್ ಮದುವೆಯ ಮಾತೆತ್ತುತ್ತಾನೆ. ಆಂಜಿ ಒಪ್ಪುವುದಿಲ್ಲ, ಕಾಲೇಜಿಗೆಂದು ಶಿಕಾಗೋ ರೈಲು ಹತ್ತುತ್ತಾಳೆ. ಪಕ್ಕದಲ್ಲೇ ಅವಳ ಅಕ್ಕ ಲೊರೇನ್‌ಳ ಕಥೆಯೂ ಸಾಗುತ್ತದೆ. ಊರಿಗೆ ಬಂದ ಒಬ್ಬ ದೊಡ್ಡ ಗಂಡಸು ಅವಳ ಜೊತೆ ಓಡಾಡಿ ಕೈಬಿಡುತ್ತಾನೆ. ಡೇಲಿ ಅದನ್ನು ಬಾಗಿಲ ಸಂದಿಯಿಂದ ಕಂಡಷ್ಟೇ ಹೇಳುತ್ತಾರೆ.

ಐವತ್ತರ ದಶಕ ಸಿಹಿಯಾದ ದಶಕ. ಬೆವರ್ಲಿ ಕ್ಲಿಯರಿಯ ‘ಫಿಫ್ಟೀನ್’ (1956) ಕಾದಂಬರಿಯ ಹೀರೋ ಮನೆಮನೆಗೆ ನಾಯಿಗಳ ಆಹಾರ ತಲುಪಿಸುವ ಹುಡುಗ! ನಕ್ಕು ಹಗುರಾಗಲು ಚೆನ್ನಾಗಿದೆ. ಅದಾದ ಮೇಲೆ ಕಾಲ ಬಿಗಿಯಾಯಿತು. 1960ರಲ್ಲಿ ಗರ್ಭನಿರೋಧಕ ಗುಳಿಗೆಗೆ ಅಮೆರಿಕ ಸರ್ಕಾರದ ಅನುಮತಿ ಸಿಕ್ಕಿತ್ತು, ಆದರೆ ಮಕ್ಕಳ ಪುಸ್ತಕಗಳಲ್ಲಿ ಅದರ ಸುದ್ದಿಯಿಲ್ಲ. 1967ರಲ್ಲಿ ಬಂದ ಆ್ಯನ್ ಹೆಡ್ ಅವರ ‘ಮಿಸ್ಟರ್ ಆ್ಯಂಡ್ ಮಿಸೆಸ್ ಬೋ ಜೋ ಜೋನ್ಸ್’ನಲ್ಲಿ ಹುಡುಗಿ ಗರ್ಭಿಣಿ, ಗಡಿಬಿಡಿಯ ಮದುವೆ, ಕೊನೆಗೆ ಹುಟ್ಟಿದ ಕೂಸೂ ಉಳಿಯುವುದಿಲ್ಲ. 1969ರ ಪಾಲ್ ಜಿಂಡೆಲ್ ಕಾದಂಬರಿ ‘ಮೈ ಡಾರ್ಲಿಂಗ್, ಮೈ ಹ್ಯಾಂಬರ್ಗರ್’ನಲ್ಲಿ ಕಾನೂನುಬಾಹಿರ ಗರ್ಭಪಾತ. ಅದೇ ವರ್ಷ ಜಾನ್ ಡೊನೊವನ್ ಇಬ್ಬರು ಹುಡುಗರ ನಡುವಿನ ಒಲವಿನ ಬಗ್ಗೆ ಧೈರ್ಯದಿಂದ ಬರೆದರು. ಅಲ್ಲಿ ಸಾಯುವುದು ನಾಯಿ, ಮತ್ತು ಅದು ತನಗೆ ಸಿಕ್ಕ ಶಿಕ್ಷೆ ಎಂದೇ ಆ ಹುಡುಗ ನೊಂದುಕೊಳ್ಳುತ್ತಾನೆ. ಈ ಪುಸ್ತಕಗಳನ್ನೆಲ್ಲ ಆಗ ‘ವಾಸ್ತವವಾದಿ’ ಎಂದು ಕರೆದರು. ಗರ್ಭಪಾತಕ್ಕೆ ಹೋಗಿ ಪ್ರಾಣ ಕಳೆದುಕೊಂಡ ಹುಡುಗಿಯರು ನಿಜವಾಗಿ ಇದ್ದರಲ್ಲ, ಹಾಗಾಗಿ ಸುಳ್ಳು ಎನ್ನಲಾರೆ. ಆದರೆ ಎಲ್ಲ ಕಥೆಗೂ ಒಂದೇ ಬಿಲ್, ಅದನ್ನು ಕಟ್ಟುವವಳೂ ಹೆಚ್ಚಾಗಿ ಹುಡುಗಿಯೇ ಎಂದಾಗ ನನಗೆ ಅನುಮಾನ ಬರುತ್ತದೆ.

‘ಫಾರೆವರ್’ ಬರುವ ಹೊತ್ತಿಗೆ ಕಾನೂನು ಬದಲಾಗಿತ್ತು. ಅವಿವಾಹಿತರಿಗೂ ಗರ್ಭನಿರೋಧಕ ಪಡೆಯುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 1972ರಲ್ಲಿ ಹೇಳಿತ್ತು, ಮರುವರ್ಷ ಗರ್ಭಪಾತದ ತೀರ್ಪು ಬಂದಿತ್ತು. ನ್ಯೂಜೆರ್ಸಿಯ ಕ್ಯಾಥರೀನ್ ಮತ್ತು ಮೈಕಲ್ ಹೈಸ್ಕೂಲಿನ ಕೊನೆಯ ವರ್ಷದವರು. ಮೊಮ್ಮಗಳ ಕಣ್ಣು ನೋಡಿ ವಿಷಯ ತಿಳಿದ ಅಜ್ಜಿ ಕುಟುಂಬ ಯೋಜನೆಯ ಕರಪತ್ರಗಳನ್ನು ಅಂಚೆಯಲ್ಲಿ ಕಳಿಸುತ್ತಾಳೆ. (ಅಜ್ಜಿ ಅಂದರೆ ಇವಳು!) ಕ್ಯಾಥರೀನ್ ತಾನೇ ನ್ಯೂಯಾರ್ಕಿನ ಕ್ಲಿನಿಕ್ಕಿಗೆ ಹೋಗುತ್ತಾಳೆ. ಮೊದಲ ಸಲದ ಎಡವಟ್ಟು, ನಿರಾಸೆ, ಯಾವುದನ್ನೂ ಬ್ಲೂಮ್ ಮುಚ್ಚಿಡುವುದಿಲ್ಲ. ಹಾಗೆಂದು ಎಲ್ಲರಿಗೂ ಸುಖವಿಲ್ಲ. ಒಬ್ಬ ಗೆಳತಿ ಹೆತ್ತ ಮಗುವನ್ನು ದತ್ತು ಕೊಡುತ್ತಾಳೆ, ಒಬ್ಬ ಗೆಳೆಯ ಆತ್ಮಹತ್ಯೆಗೆ ಯತ್ನಿಸುತ್ತಾನೆ. ಕ್ಯಾಥರೀನ್ ಮಾತ್ರ ಬೇಸಿಗೆ ಶಿಬಿರದಲ್ಲಿ ಇನ್ನೊಬ್ಬನ ಕಡೆ ಮನಸ್ಸು ವಾಲಿದ್ದನ್ನು ಕಂಡುಕೊಂಡು ಮೈಕಲ್‌ಗೆ ನೋವು ಕೊಟ್ಟು ಹೊರಬರುತ್ತಾಳೆ. ‘ಎಂದೆಂದಿಗೂ’ ಎಂಬ ಹೆಸರಿನ ಪ್ರೀತಿ ಒಂದು ವರ್ಷವೂ ಬಾಳುವುದಿಲ್ಲ.

ಜನರನ್ನು ಹೆಚ್ಚು ಕೆರಳಿಸಿದ್ದು ಹಾಸಿಗೆಯ ಪುಟಗಳೋ, ಶಿಕ್ಷೆಯಿಲ್ಲದ ಈ ಕೊನೆಯೋ? ನನ್ನ ಮಟ್ಟಿಗೆ ಎರಡನೆಯದು. ಅಮೆರಿಕದ ಗ್ರಂಥಾಲಯ ಸಂಘದ ದಾಖಲೆಯಂತೆ ತೊಂಬತ್ತರ ದಶಕದಲ್ಲಿ ಅತಿ ಹೆಚ್ಚು ಆಕ್ಷೇಪ ಎದುರಿಸಿದ ಮೊದಲ ಹತ್ತು ಪುಸ್ತಕಗಳಲ್ಲಿ ಇದೂ ಒಂದು. 2024ರಲ್ಲಿ ಯೂಟಾ ರಾಜ್ಯ ತನ್ನ ಸರ್ಕಾರಿ ಶಾಲೆಗಳಿಂದ ತೆಗೆಸಿದ ಪಟ್ಟಿಯಲ್ಲೂ ಇತ್ತು. ನ್ಯಾನ್ಸಿ ಗಾರ್ಡನ್ ಬರೆದ ‘ಆ್ಯನಿ ಆನ್ ಮೈ ಮೈಂಡ್’ನಲ್ಲಿ (1982) ಇಬ್ಬರು ಹುಡುಗಿಯರ ಪ್ರೀತಿ ಉಳಿಯುತ್ತದೆ, ಯಾರೂ ಸಾಯುವುದಿಲ್ಲ. ಅದನ್ನು 1993ರಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ಸುಟ್ಟರು. ಕ್ಯಾನ್ಸಾಸ್‌ನ ಓಲೇಥಾ ಶಾಲೆಗಳು ಅದನ್ನು ಕಪಾಟಿನಿಂದ ತೆಗೆದಾಗ ವಿದ್ಯಾರ್ಥಿಗಳು, ಪೋಷಕರು ಕೋರ್ಟಿಗೆ ಹೋಗಿ 1995ರಲ್ಲಿ ಗೆದ್ದರು.

ಪ್ರಕಾಶಕರು ಮಾತ್ರ ಎಂಬತ್ತರ ದಶಕದಲ್ಲಿ ಮತ್ತೆ ಸಕ್ಕರೆ ಪಾಕಕ್ಕೆ ತಿರುಗಿದರು: ‘ಸ್ವೀಟ್ ಡ್ರೀಮ್ಸ್’, 1983ರಿಂದ ‘ಸ್ವೀಟ್ ವ್ಯಾಲಿ ಹೈ’. ಅವೇ ನಮ್ಮ ಧಾರವಾಡದ ಬಾಡಿಗೆ ಲೈಬ್ರರಿಗೂ ಬಂದಿದ್ದವು. ಒಂದೇ ರ‍್ಯಾಕಿನಲ್ಲಿ ಮೇಲೆ ಕ್ಯಾಲಿಫೋರ್ನಿಯಾದ ಅವಳಿ ಸುಂದರಿಯರು, ಕೆಳಗೆ ತ್ರಿವೇಣಿ, ಸಾಯಿಸುತೆ. ಕನ್ನಡದಲ್ಲಿ ನಮಗೆ ನಡುವಿನ ಮೆಟ್ಟಿಲು ಇರಲಿಲ್ಲ. ಚಂದಮಾಮದಿಂದ ಸೀದಾ ‘ಬೆಳ್ಳಿಮೋಡ’ಕ್ಕೆ ಹಾರಿದವಳು ನಾನು. ಆಸ್ತಿ ಕೈತಪ್ಪಿತೆಂದು ದೂರ ಸರಿದು ಮತ್ತೆ ಬಂದ ಮೋಹನನನ್ನು ಇಂದಿರಾ ನಿರಾಕರಿಸುತ್ತಾಳಲ್ಲ, ಹದಿಮೂರರ ನನಗೆ ಅದು ಅರ್ಥವಾಗಿರಲಿಲ್ಲ. ಅವನು ಬಂದನಲ್ಲ, ಇನ್ನೇನು ಬೇಕಿತ್ತು ಎಂದುಕೊಂಡಿದ್ದೆ. ಅವಳು ಹದಿಹರೆಯದವಳಲ್ಲ, ಅದು ಹದಿಹರೆಯದವರಿಗೆಂದು ಬರೆದದ್ದೂ ಅಲ್ಲ. ಆದರೂ ನನ್ನ ಲೆಕ್ಕದಲ್ಲಿ ಆಂಜಿ, ಕ್ಯಾಥರೀನ್‌ರ ಪಕ್ಕದ ಕುರ್ಚಿ ಇಂದಿರಾಳದ್ದೇ.

2025ರಲ್ಲಿ ಮಾರಾ ಬ್ರಾಕ್ ಅಕಿಲ್ ‘ಫಾರೆವರ್’ ಅನ್ನು ನೆಟ್‌ಫ್ಲಿಕ್ಸ್ ಧಾರಾವಾಹಿಯಾಗಿ ತಂದರು. ಈಗ ಅದು 2018ರ ಲಾಸ್ ಏಂಜಲೀಸ್, ಕಪ್ಪು ಕುಟುಂಬಗಳು. ಗುಳಿಗೆಯ ಜಾಗದಲ್ಲಿ ಫೋನ್ ಕೂತಿದೆ: ಬ್ಲಾಕ್, ಅನ್‌ಬ್ಲಾಕ್, ಹುಡುಗಿಯ ಹಳೆಯ ವೀಡಿಯೊ ಊರೆಲ್ಲ ಹರಡಿದ ಅವಮಾನ. ಹುಡುಗನ ತಾಯಿಗೆ ಮಗನದ್ದೇ ಭಯ, ಏಕೆಂದರೆ ಕಪ್ಪು ಹುಡುಗನ ಒಂದು ಸಣ್ಣ ತಪ್ಪಿಗೂ ಆ ದೇಶದಲ್ಲಿ ಬೆಲೆ ದೊಡ್ಡದು.

ನನ್ನ ಅಕ್ಕನ ಮಗಳಿಗೆ ಈಗ ಹದಿನೈದು. ಧಾರಾವಾಹಿ ಬೇಡ, ಮೊದಲು ಪುಸ್ತಕ ಎಂದು ‘ಸೆವೆಂಟೀನ್ತ್ ಸಮ್ಮರ್’ ಕೊಟ್ಟೆ. ಎರಡು ವಾರ ಕುಂಟುತ್ತಾ ಓದಿದಳು. ಆಂಜಿ–ಜ್ಯಾಕ್ ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. “ಚಿಕ್ಕಿ, ಲೊರೇನ್ ಕಥೆ ಯಾಕೆ ಪೂರ್ತಿ ಹೇಳಿಲ್ಲ? ನನಗೆ ಅವಳದ್ದು ಬೇಕಿತ್ತು” ಎಂದಳು.