ಖೆಡ್ಡಾದಿಂದ ಅಂಬಾರಿಯವರೆಗೆ

ಕಾಡಾನೆಗಳನ್ನು ಹಿಂಡಾಗಿ ಸೆರೆಹಿಡಿಯಲು ಹೈದರಾಲಿಯು ಕಾಕನಕೋಟೆಯ ಅರಣ್ಯದಲ್ಲಿ ಯತ್ನಿಸಿ ವಿಫಲನಾದನೆಂದೂ, ಈ ಕಾರ್ಯವು ಇನ್ನಾರಿಗೂ ಕೈಗೂಡದು, ಕೈಯಿಕ್ಕಿದವರಿಗೆ ತನ್ನ ಶಾಪ ತಟ್ಟಲಿ ಎಂದು ಕಲ್ಲಿನಲ್ಲಿ ಬರೆಯಿಸಿದನೆಂದೂ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು ತನ್ನ ಗ್ರಂಥದಲ್ಲಿ ಹೇಳಿರುವನು. ಶಾಪಕ್ಕಂಜದ ಆತನು, ನೀರಾವರಿ ಕಾಲುವೆಗಳ ಮೇಲ್ವಿಚಾರಣೆಯ ನಡುವೆಯೇ, 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಐವತ್ತಕ್ಕೂ ಮಿಕ್ಕ ಆನೆಗಳನ್ನು ಕೂಡಿಹಾಕಿ ಮೈಸೂರಿನ ಖೆಡ್ಡಾಕ್ಕೆ ಅಡಿಪಾಯವನ್ನಿಕ್ಕಿದನು.

ಮುಂದೆ ಕಪಿಲೆಯ ತೀರದ ಕಾಕನಕೋಟೆಯೇ ಇದರ ರಂಗಭೂಮಿಯಾಯಿತು. ಕಾಡುಕುರುಬರು ತಮಟೆ ಪಂಜುಗಳೊಡನೆ ಹಿಂಡನ್ನು ದಿನಗಟ್ಟಲೆ ಬೆಂಬತ್ತಿ ಹೊಳೆಗೆ ಅಟ್ಟುವರು. ಹೊಳೆಯನ್ನು ಹಾಯ್ದ ಆನೆಗಳು ದಿಮ್ಮಿಗಳ ಬೇಲಿಯನ್ನು ಹೊಕ್ಕೊಡನೆ ಬಾಗಿಲು ಧೊಪ್ಪನೆ ಬೀಳುವುದು. ಬಳಿಕ ಪಳಗಿದ ಕುಮ್ಕಿ ಆನೆಗಳು ಒಂದೊಂದನ್ನೂ ಇಕ್ಕೆಲಗಳಿಂದ ಒತ್ತಿ ಹಿಡಿಯಲು, ಆಳುಗಳು ನೆಲಕ್ಕಿಳಿದು ಹಿಂಗಾಲುಗಳಿಗೆ ಹಗ್ಗವನ್ನು ಬಿಗಿಯುವರು. ಜಗ್ಗಿದಷ್ಟೂ ಹಗ್ಗವು ಚರ್ಮವನ್ನು ಕೊರೆಯುತ್ತಿದ್ದಿತು. ಇದನ್ನು ಅಟ್ಟಣೆಯ ಮೇಲೆ ಕುಳಿತು ನೋಡಲು ಬ್ರಿಟಿಷ್ ಯುವರಾಜರೂ ಬಂದರು.

ಆ ಕಾಲದವರನ್ನು ಕ್ರೂರಿಗಳೆನ್ನುವುದು ನನಗೆ ಸಮ್ಮತವಲ್ಲ. ಪೈರಿನ ರಕ್ಷಣೆ, ಮರದ ದಿಮ್ಮಿಗಳ ಸಾಗಣೆ, ಅರಮನೆಯ ಮತ್ತು ದೇವಾಲಯಗಳ ಅಗತ್ಯ ಎಂದು ಅವರು ಕೊಡುತ್ತಿದ್ದ ಕಾರಣಗಳಲ್ಲಿ ಒಂದೂ ಸುಳ್ಳಲ್ಲ. ಗಾಯಕ್ಕೆ ಮದ್ದು ಹಚ್ಚಿ, ಬೆಲ್ಲ ತಿನ್ನಿಸಿ, ಆನೆಯನ್ನು ಮಗುವಿನಂತೆ ಸಾಕಿದ ಮಾವುತರೂ ಉಂಟು. ಕಡೆಯ ಖೆಡ್ಡಾ ನಡೆದುದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಖೆಡ್ಡಾದ ನೆಲವನ್ನು ಈಗ ಕಬಿನಿ ಜಲಾಶಯವು ಮುಚ್ಚಿದೆ.

ಆದರೆ ಮೈಸೂರು ದಸರೆಯ ವಿಜಯದಶಮಿಯಂದು 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆಗೆ ನಾವು ಕೈಮುಗಿಯುತ್ತೇವೆ. ಅದಕ್ಕೂ ಮುನ್ನ ವಾರಗಟ್ಟಲೆ ಮರಳಿನ ಮೂಟೆಗಳನ್ನು ಹೊರಿಸಿ ನಡೆಸುವ ತಾಲೀಮನ್ನು ಮಕ್ಕಳನ್ನು ಹೆಗಲಿಗೇರಿಸಿಕೊಂಡು ನೋಡುತ್ತೇವೆ. ಆಕ್ಷೇಪಿಸಿದವರಿಗೆ, ಪರಂಪರೆಯೆಂದೂ ಆನೆಗೆ ರಾಜೋಪಚಾರವುಂಟೆಂದೂ ನಾವು ಕೊಡುವ ಉತ್ತರವು ಕಾಕನಕೋಟೆಯ ಅಟ್ಟಣೆಯ ಮೇಲಿನವರಿಗೂ ಒಪ್ಪಿಗೆಯಾಗುತ್ತಿದ್ದಿತು. ನಮ್ಮ ಮೊಮ್ಮಕ್ಕಳಿಗೆ ಅದು ಒಪ್ಪಿಗೆಯಾದೀತೆಂಬ ಭರವಸೆ ನನಗಿಲ್ಲ.

1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಆನೆ ಅರ್ಜುನನು ಎಂಟು ಬಾರಿ ಅಂಬಾರಿಯನ್ನು ಹೊತ್ತು, 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಬಳಿ, ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿಯೇ ಕಾಡಾನೆಯ ದಂತಕ್ಕೆ ಬಲಿಯಾದನು. ಜನರು ಅತ್ತರು, ಸ್ಮಾರಕವಾಗಬೇಕೆಂದರು, ಅಧಿಕಾರಿಗಳ ಮೇಲೆ ಕೋಪಿಸಿದರು. ಆ ಕೋಪವು ಕಾರ್ಯಾಚರಣೆಯ ಲೋಪಗಳವರೆಗೆ ಹೋಯಿತೇ ವಿನಾ 1968ರವರೆಗೆ ಸರಿದುದನ್ನು ನಾನು ಕಾಣೆ.